ಒಂದು ಹಳೆಯ ಕೋರ್ಟು ಕಟ್ಟಡ ಹೇಳುವ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀನು ಬಿ.ಇ. ಓದಿದವನು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು" ಎಂದರು. ಕಂಪ್ಯೂಟರ್ ವಿಷಯ ಈಗ ಮಕ್ಕಳ ಕೈಯಲ್ಲಿರುವ ಫೋನಿನಲ್ಲೇ ಬೇಕಾದಷ್ಟು ಸಿಗುತ್ತದೆ. ಅದೇ ಮಾತಿನ ನಡುವೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ನಮ್ಮ ಶಾಲೆಯ ಮೊದಲಿನ ಹೆಂಚಿನ ಕೊಠಡಿಗಳನ್ನು ಕೆಡವಬೇಕೋ, ರಿಪೇರಿ ಮಾಡಿಸಿ ಉಳಿಸಿಕೊಳ್ಳಬೇಕೋ ಎಂದು ಊರಿನಲ್ಲಿ ಚರ್ಚೆ ನಡೆಯುತ್ತಿದೆ, ಎರಡೂ ಕಡೆ ಜನ ಇದ್ದಾರೆ ಎಂದರು. ಆಗ ನನಗೆ ಒಂದು ಹಳೆಯ ಕಟ್ಟಡದ ಕಥೆಯನ್ನೇ ನಿಮ್ಮ ಮುಂದೆ ಇಡೋಣ ಅನ್ನಿಸಿತು. ಅದು ನಮ್ಮ ಸೀಮೆಯದಲ್ಲ. ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಪಟ್ಟಣದ ಹಳೆಯ ಕೋರ್ಟು. ಕಂಪನಿ ಕೆಲಸದ ಮೇಲೆ ಎರಡು ವರ್ಷ ಅಟ್ಲಾಂಟಾದಲ್ಲಿದ್ದಾಗ ಅದನ್ನು ನೋಡಿ ಬಂದಿದ್ದೆ. ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮನ್ರೋವಿಲ್ ದೊಡ್ಡ ಊರಲ್ಲ. ಜನಸಂಖ್ಯೆ ಸುಮಾರು 6,000. ನಮ್ಮ ಹೋಬಳಿ ಕೇಂದ್ರದಷ್ಟು ಅಂದುಕೊಳ್ಳಿ. ರಾಜಧಾನಿ ಮಾಂಟ್ಗೊಮರಿಯಿಂದ ನೈಋತ್ಯಕ್ಕೆ, ಪೈನ್ ಮರಗಳ ಕಾಡು ಮತ್ತು ಹಿಂದೆ ಹತ್ತಿ ಬೆಳೆಯುತ್ತಿದ್ದ ಹೊಲಗಳ ನಡುವೆ ಇದೆ. ಆದರೆ ಅದು ಮನ್ರೋ ಕೌಂಟಿಯ ಕೇಂದ್ರ. ಕೌಂಟಿ ಎಂದರೆ ಅಲ್ಲಿಯ ಜಿಲ್ಲೆ. 1832ರಲ್ಲಿ ಅಲಬಾಮ ನದಿಯ ದಡದ ಕ್ಲೇಬಾರ್ನ್ ಎಂಬ ಊರಿನಿಂದ ಕೌಂಟಿಯ ಕೇಂದ್ರ ಇಲ್ಲಿಗೆ ಬಂತು. ಕೇಂದ್ರ ಬಂದ ಮೇಲೆ ಕೋರ್ಟು ಬಂತು, ಕೋರ್ಟಿನ ಸುತ್ತ ಊರು ಬೆಳೆಯಿತು. ಅಮೆರಿಕದ ದಕ್ಷಿಣದ ಸಣ್ಣ ಪಟ್ಟಣಗಳಲ್ಲಿ ಇದು ಸಾಮಾನ್ಯ. ಊರಿನ ನಟ್ಟನಡುವೆ ಒಂದು ಚೌಕ, ಚೌಕದ ಮಧ್ಯೆ ಹುಲ್ಲುಹಾಸು ಮತ್ತು ಮರ, ಅವುಗಳ ನಡುವೆ ಕೋರ್ಟು. ಚೌಕದ ನಾಲ್ಕು ಬದಿಗೂ ಅಂಗಡಿ, ಬ್ಯಾಂಕು, ವಕೀಲರ ಕಚೇರಿ. ನಮ್ಮ ಕಡೆ ದೇವಸ್ಥಾನದ ಸುತ್ತ ರಥಬೀದಿ ಇರುವ ಹಾಗೆ.

ನಾನು ಕೋರ್ಟು ಎನ್ನುತ್ತಿದ್ದೇನೆ, ಆದರೆ ಅಲ್ಲಿ ನಡೆಯುತ್ತಿದ್ದದ್ದು ಮೊಕದ್ದಮೆ ಮಾತ್ರವಲ್ಲ. ಜಮೀನಿನ ಕ್ರಯಪತ್ರ ನೋಂದಣಿ, ಉಯಿಲು, ಮದುವೆಯ ಪರವಾನಗಿ, ತೆರಿಗೆ, ಮತದಾರರ ಪಟ್ಟಿ, ಎಲ್ಲವೂ ಇಂಥ ಕಟ್ಟಡಗಳಲ್ಲೇ. ನಮ್ಮ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಮುನ್ಸೀಫ್ ಕೋರ್ಟು ಮೂರನ್ನೂ ಒಂದೇ ಸೂರಿನಡಿ ತಂದರೆ ಹೇಗೋ ಹಾಗೆ. ಹುಟ್ಟಿದ ಮನುಷ್ಯ ಬದುಕಿನಲ್ಲಿ ನಾಲ್ಕೈದು ಸಲವಾದರೂ ಆ ಮೆಟ್ಟಿಲು ಹತ್ತಲೇಬೇಕಿತ್ತು.

ಈಗ ಉಳಿದಿರುವ ಹಳೆಯ ಕಟ್ಟಡವನ್ನು ಕಟ್ಟಿದ್ದು 1903–04ರಲ್ಲಿ. ವಿನ್ಯಾಸ ಮಾಡಿದವನು ಆಂಡ್ರೂ ಬ್ರಯನ್ ಎಂಬ ವಾಸ್ತುಶಿಲ್ಪಿ. ದಕ್ಷಿಣದ ಬೇರೆ ಊರುಗಳಲ್ಲೂ ಕೋರ್ಟುಗಳನ್ನು ಕಟ್ಟಿಕೊಟ್ಟಿದ್ದವನು. ಹೊರಗಿನಿಂದ ನೋಡಿದರೆ ಕೆಂಪು ಇಟ್ಟಿಗೆಯ ಗೋಡೆ, ತಲೆಯ ಮೇಲೆ ಬಿಳಿಯ ಗುಮ್ಮಟವಿರುವ ಗಡಿಯಾರದ ಗೋಪುರ. ಸುತ್ತಲಿನ ಅಂಗಡಿಗಳೆಲ್ಲ ತಗ್ಗಾಗಿರುವುದರಿಂದ ಆ ಗೋಪುರ ದೂರದಿಂದಲೇ ಕಾಣುತ್ತದೆ. ಕಟ್ಟಿಸಿದವರಿಗೆ ಬೇಕಾಗಿದ್ದದ್ದೂ ಅದೇ. ಹತ್ತಿಯ ಗಾಡಿ ಹೊಡೆದುಕೊಂಡು ಬರುವ ರೈತನಿಗೆ, ಕಾನೂನು ಇಲ್ಲಿದೆ, ಸರಕಾರ ಇಲ್ಲಿದೆ ಎಂದು ಕಟ್ಟಡವೇ ಹೇಳಬೇಕಿತ್ತು.

ಒಳಗೆ ಮಹಡಿಯ ಮೇಲೆ ಇರುವ ನ್ಯಾಯಾಲಯದ ಹಜಾರವೇ ಕಟ್ಟಡದ ಜೀವ. ನೆಲಕ್ಕೆ ಮರದ ಹಲಗೆ. ಮೇಲೆ ಅಚ್ಚೊತ್ತಿದ ತಗಡಿನ ಒಳಮಾಡು. ಎದುರಿಗೆ ನ್ಯಾಯಾಧೀಶರ ಎತ್ತರದ ಪೀಠ, ಪಕ್ಕದಲ್ಲಿ ಸಾಕ್ಷಿ ಹೇಳುವ ಜಾಗ, ಜ್ಯೂರಿಯ ಹನ್ನೆರಡು ಜನರ ಕುರ್ಚಿಗಳು, ವಕೀಲರ ಮೇಜುಗಳು, ಅದರಾಚೆ ಸಾರ್ವಜನಿಕರ ಬೆಂಚುಗಳು. ತಲೆ ಎತ್ತಿದರೆ ಹಜಾರವನ್ನು ಬಳಸಿಕೊಂಡು ಬಾಗಿ ಬರುವ ಒಂದು ಗ್ಯಾಲರಿ. ಬಿಳಿ ಬಣ್ಣದ ಕಟಾಂಜನ, ಅದರ ಹಿಂದೆ ಕೂರುವ ಜಾಗ. ಯಾರು ಹೋದರೂ ಮೊದಲು ಫೋಟೋ ತೆಗೆಯುವುದು ಆ ಗ್ಯಾಲರಿಯದ್ದೇ, ಅಷ್ಟು ಚೆಂದವಾಗಿದೆ.

ಆ ಗ್ಯಾಲರಿ ಕರಿಯರಿಗೆ ಮೀಸಲಾಗಿತ್ತು. ಕೆಳಗಿನ ಬೆಂಚು ಬಿಳಿಯರದ್ದು.

ಇದು ಒಬ್ಬ ನ್ಯಾಯಾಧೀಶನ ಅಥವಾ ಒಂದು ಊರಿನ ಕೆಟ್ಟತನದಿಂದ ಆದದ್ದಲ್ಲ. ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಕೆಲವು ದಶಕಗಳಲ್ಲೇ ದಕ್ಷಿಣದ ರಾಜ್ಯಗಳು ಶಾಲೆ, ರೈಲು, ಆಸ್ಪತ್ರೆ, ನೀರಿನ ನಲ್ಲಿ ಎಲ್ಲದರಲ್ಲೂ ಬಣ್ಣದ ಮೇಲೆ ಗೆರೆ ಎಳೆದವು. ಅಲಬಾಮ 1901ರಲ್ಲಿ ಹೊಸ ಸಂವಿಧಾನ ಬರೆದುಕೊಂಡಿತು. ಮತ ಹಾಕಬೇಕಾದರೆ ಓದು ಬರಹದ ಪರೀಕ್ಷೆ, ಆಸ್ತಿಯ ಷರತ್ತು, ತಲೆಗಂದಾಯ. ವರ್ಷಕ್ಕೆ ಒಂದೂವರೆ ಡಾಲರ್ ಆದ ಆ ಕಂದಾಯ ಕಟ್ಟದಿದ್ದರೆ ಬಾಕಿ ಬೆಳೆಯುತ್ತ ಹೋಗುತ್ತಿತ್ತು. ಹೀಗೆ ಕರಿಯರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟರು. ಜ್ಯೂರಿಯಲ್ಲೂ ಅವರಿಗೆ ಜಾಗ ಕೊಡಲಿಲ್ಲ. ಆ ಸಂವಿಧಾನ ಬಂದ ಎರಡು ವರ್ಷಕ್ಕೆ ಮನ್ರೋವಿಲ್‌ನ ಕೋರ್ಟಿನ ಕೆಲಸ ಶುರುವಾಯಿತು. ಎಂದರೆ ಕಾಗದದ ಮೇಲೆ ಬರೆದ ಕಾನೂನು ಇಲ್ಲಿ ಇಟ್ಟಿಗೆ, ಮರದಲ್ಲಿ ಎದ್ದು ನಿಂತಿತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಆರ್ಕಿಟೆಕ್ಚರ್ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಬ್ಯಾಂಕಿನ ಒಂದು ವ್ಯವಸ್ಥೆಯಲ್ಲಿ ಯಾರು ಯಾವ ಪರದೆ ನೋಡಬಹುದು, ಯಾರಿಗೆ ಯಾವ ಗುಂಡಿ ಒತ್ತುವ ಅಧಿಕಾರ ಇದೆ ಎಂಬುದನ್ನು ವಿನ್ಯಾಸ ಮಾಡುವಾಗಲೇ ಬರೆದುಬಿಡುತ್ತೇವೆ. ಆಮೇಲೆ ಯಾರೂ ಬಾಗಿಲಲ್ಲಿ ನಿಂತು "ನೀನು ಬರಬೇಡ" ಎಂದು ಹೇಳಬೇಕಾಗಿಲ್ಲ. ಆ ಗುಂಡಿಯೇ ಅವನಿಗೆ ಕಾಣುವುದಿಲ್ಲ. ಆ ಗ್ಯಾಲರಿಯಲ್ಲೂ ಅದೇ ಕೆಲಸ ನಡೆದಿದೆ. ಪ್ರತಿದಿನ ಯಾರೂ ಯಾರನ್ನೂ ಬೈಯಬೇಕಾಗಿರಲಿಲ್ಲ. ಬಂದವನಿಗೆ ತಾನು ಎಲ್ಲಿ ಕೂರಬೇಕೆಂದು ಗೊತ್ತಿತ್ತು. ಅವನ ಮಗನಿಗೂ ಗೊತ್ತಿತ್ತು. ನೋಡನೋಡುತ್ತ ಅದು ರೂಢಿಯಾಗಿ, ರೂಢಿಯೇ ನ್ಯಾಯದಂತೆ ಕಾಣತೊಡಗಿತು.

ನಾನು ಆ ಗ್ಯಾಲರಿಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆ. ಅಲ್ಲಿಂದ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಪೀಠ, ಸಾಕ್ಷಿಯ ಜಾಗ, ಜ್ಯೂರಿಯ ಕುರ್ಚಿ, ಎಲ್ಲ. ಆದರೆ ನಿಮ್ಮ ಅಣ್ಣನೋ ಮಗನೋ ಕೆಳಗೆ ಆರೋಪಿಯಾಗಿ ನಿಂತಿದ್ದರೆ ನೀವು ಮೇಲಿನಿಂದ ನೋಡಬಹುದಿತ್ತು, ಅಷ್ಟೇ. ತೀರ್ಪು ಕೊಡುವ ಆ ಹನ್ನೆರಡು ಕುರ್ಚಿಗಳಲ್ಲಿ ನಿಮ್ಮವರೊಬ್ಬರೂ ಇರುತ್ತಿರಲಿಲ್ಲ.

ಈ ಕಟ್ಟಡವನ್ನು ಜಗತ್ತಿಗೆ ಪರಿಚಯಿಸಿದ್ದು ಒಬ್ಬ ವಕೀಲರ ಮಗಳು. ಹೆಸರು ಹಾರ್ಪರ್ ಲೀ. 1926ರಲ್ಲಿ ಇದೇ ಮನ್ರೋವಿಲ್‌ನಲ್ಲಿ ಹುಟ್ಟಿದವರು. ತಂದೆ ಅಮಾಸಾ ಕೋಲ್ಮನ್ ಲೀ ವಕೀಲರು, ಊರಿನ ಪತ್ರಿಕೆಯ ಸಂಪಾದಕರು, ರಾಜ್ಯದ ಶಾಸನಸಭೆಯ ಸದಸ್ಯರೂ ಆಗಿದ್ದವರು. ಹುಡುಗಿ ಕೋರ್ಟಿನ ಗ್ಯಾಲರಿಯಲ್ಲಿ ಕುಳಿತು ತಂದೆ ವಾದಿಸುವುದನ್ನು ನೋಡುತ್ತಿದ್ದಳಂತೆ. ಪಕ್ಕದ ಮನೆಯಲ್ಲಿ ಕೆಲವು ವರ್ಷ ಆಡಿ ಬೆಳೆದ ಗೆಳೆಯ ಟ್ರೂಮನ್ ಕಪೋಟಿ. ಅವನೂ ಮುಂದೆ ದೊಡ್ಡ ಲೇಖಕನಾದ. ಒಂದು ಸಣ್ಣ ಊರಿನ ಒಂದೇ ಬೀದಿಯಿಂದ ಇಬ್ಬರು ಲೇಖಕರು ಬಂದರು ಎಂಬುದನ್ನು ಇಲ್ಲಿರುವ ಮಕ್ಕಳು ಗಮನಿಸಬೇಕು.

1960ರಲ್ಲಿ ಹಾರ್ಪರ್ ಲೀ ಅವರ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಪ್ರಕಟವಾಯಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಕಥೆ ಮೂವತ್ತರ ದಶಕದ್ದು. ಟಾಮ್ ರಾಬಿನ್ಸನ್ ಎಂಬ ಕರಿಯ ಕೂಲಿಯ ಮೇಲೆ ಬಿಳಿಯ ಹೆಂಗಸೊಬ್ಬಳ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಬರುತ್ತದೆ. ಆಟಿಕಸ್ ಫಿಂಚ್ ಎಂಬ ಬಿಳಿಯ ವಕೀಲ ಊರಿನವರ ವಿರೋಧ ಕಟ್ಟಿಕೊಂಡು ಅವನ ಪರ ವಾದಿಸುತ್ತಾನೆ. ಆರೋಪ ಸುಳ್ಳೆಂದು ಕೋರ್ಟಿನಲ್ಲಿದ್ದವರಿಗೆಲ್ಲ ಅರ್ಥವಾಗುತ್ತದೆ. ಆದರೂ ಜ್ಯೂರಿ ಅಪರಾಧಿ ಎನ್ನುತ್ತದೆ. ಇದೆಲ್ಲವನ್ನೂ ನಮಗೆ ಹೇಳುವವಳು ಆಟಿಕಸ್‌ನ ಚಿಕ್ಕ ಮಗಳು. ಅವಳು ವಿಚಾರಣೆ ನೋಡುವುದು ಎಲ್ಲಿಂದ? ಕೆಳಗೆ ಜಾಗ ಇಲ್ಲದ್ದರಿಂದ, ಕರಿಯರ ಗ್ಯಾಲರಿಯಿಂದ. ಕಥೆಯಲ್ಲಿ ಊರಿನ ಹೆಸರು ಬೇರೆ. ಆದರೆ ಆ ಕೋರ್ಟು ಯಾವುದೆಂದು ಮನ್ರೋವಿಲ್‌ನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಥೆಯ ಬೇರುಗಳೂ ಆ ಕಟ್ಟಡದ ಸುತ್ತಲೇ ಇವೆ. 1919ರಲ್ಲಿ ಹಾರ್ಪರ್ ಲೀ ಅವರ ತಂದೆ ಕೊಲೆ ಆರೋಪ ಹೊತ್ತ ಇಬ್ಬರು ಕರಿಯರ ಪರ ವಾದಿಸಿದ್ದರು. ಇಬ್ಬರಿಗೂ ಗಲ್ಲಾಯಿತು. ಅದಾದ ಮೇಲೆ ಅವರು ಕ್ರಿಮಿನಲ್ ಕೇಸನ್ನೇ ಹಿಡಿಯಲಿಲ್ಲ. 1933ರಲ್ಲಿ ವಾಲ್ಟರ್ ಲೆಟ್ ಎಂಬ ಕರಿಯನ ಮೇಲೆ ಬಿಳಿಯ ಹೆಂಗಸಿನ ಮೇಲಿನ ಅತ್ಯಾಚಾರದ ಆರೋಪ ಬಂತು. 1934ರಲ್ಲಿ ಮನ್ರೋವಿಲ್‌ನಲ್ಲಿ ಅವನಿಗೆ ಮರಣದಂಡನೆ ವಿಧಿಸಿದರು. ರಾಜ್ಯಪಾಲರು ಅದನ್ನು ಜೀವಾವಧಿಗೆ ಇಳಿಸಿದರು. ಆದರೆ ಅಷ್ಟು ಹೊತ್ತಿಗೆ ಅವನ ಮನಸ್ಸು ಕೆಟ್ಟಿತ್ತು. 1937ರಲ್ಲಿ ಕ್ಷಯದಿಂದ ತೀರಿಕೊಂಡ. ಆಗಿನ್ನೂ ಏಳೆಂಟು ವರ್ಷದ ಹುಡುಗಿಯ ಕಿವಿಗೆ ಬಿದ್ದ ಈ ಪ್ರಕರಣವೂ ಕಾದಂಬರಿಯ ಹಿಂದೆ ಇದೆ ಎಂದು ಹಲವರು ಭಾವಿಸುತ್ತಾರೆ.

ಕಾದಂಬರಿ ಸಿನಿಮಾ ಆಗುವಾಗ ಹಾಲಿವುಡ್‌ನವರು ಮನ್ರೋವಿಲ್‌ಗೆ ಬಂದರು. ಆದರೆ ಮೂವತ್ತರ ದಶಕದ ಊರು ಅಷ್ಟು ಹೊತ್ತಿಗೆ ಬದಲಾಗಿತ್ತು. ಚಿತ್ರೀಕರಣಕ್ಕೆ ಆಗುವಂತಿರಲಿಲ್ಲ. ಕಲಾ ನಿರ್ದೇಶಕ ಹೆನ್ರಿ ಬಮ್‌ಸ್ಟೆಡ್ ಹಳೆಯ ಕೋರ್ಟಿನ ಹಜಾರದ ಫೋಟೋ ತೆಗೆದು, ಅಳತೆ ತೆಗೆದುಕೊಂಡು ಹೋಗಿ, ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಅದೇ ಹಜಾರವನ್ನು ಮತ್ತೆ ಕಟ್ಟಿಸಿದರು. 1962ರಲ್ಲಿ ಸಿನಿಮಾ ಬಂತು. ಆಟಿಕಸ್ ಆಗಿ ನಟಿಸಿದ ಗ್ರೆಗರಿ ಪೆಕ್‌ಗೆ ಆಸ್ಕರ್ ಬಂತು, ಕಲಾ ನಿರ್ದೇಶನಕ್ಕೂ ಬಂತು. ಹೀಗೆ ಅಲಬಾಮದ ಒಂದು ಹಳ್ಳಿಗಾಡಿನ ಕೋರ್ಟನ್ನು ಜಗತ್ತಿನ ಕೋಟಿಗಟ್ಟಲೆ ಜನ, ಅದರ ಹೆಸರು ತಿಳಿಯದೆಯೇ, ಪರದೆಯ ಮೇಲೆ ನೋಡಿದರು.

1963ರಲ್ಲಿ ಪಕ್ಕದಲ್ಲೇ ಹೊಸ ಕೋರ್ಟು ಕಟ್ಟಡ ಬಂತು. ಹಳೆಯದರಲ್ಲಿ ವಿಚಾರಣೆ ನಿಂತಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಒಂದು ಚಿಕ್ಕ ತೀರ್ಪು ಕೊಟ್ಟಿತು. ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ ಟ್ರಾಫಿಕ್ ಕೋರ್ಟಿನಲ್ಲಿ ಫೋರ್ಡ್ ಜಾನ್ಸನ್ ಎಂಬ ಕರಿಯ ಯುವಕ ಬಿಳಿಯರ ಬದಿಯ ಬೆಂಚಿನಲ್ಲಿ ಕುಳಿತಿದ್ದ. ಎದ್ದು ಆ ಕಡೆ ಹೋಗು ಎಂದು ನ್ಯಾಯಾಧೀಶರು ಹೇಳಿದರು. ಹೋಗಲಿಲ್ಲ, ನಿಂತೇ ಇರುತ್ತೇನೆ ಎಂದ. ನ್ಯಾಯಾಂಗ ನಿಂದನೆ ಎಂದು ಹತ್ತು ಡಾಲರ್ ದಂಡ ಹಾಕಿದರು. ಅವನು ಹತ್ತು ಡಾಲರ್ ಕಟ್ಟಿ ಮನೆಗೆ ಹೋಗಬಹುದಿತ್ತು. ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದ. ಕೋರ್ಟಿನೊಳಗೆ ಬಣ್ಣ ನೋಡಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು 1963ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ದೊಡ್ಡ ದೊಡ್ಡ ಚಳವಳಿಗಳ ಕಥೆ ನಮಗೆ ಗೊತ್ತು. ಒಂದು ಬೆಂಚಿನ ಮೇಲೆ ಕೂರುವ ಹಕ್ಕಿಗಾಗಿ ಇಷ್ಟು ದೂರ ಹೋದವನೊಬ್ಬನಿದ್ದ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಇನ್ನು ಹಳೆಯ ಕಟ್ಟಡ. ಕೆಲಸ ಮುಗಿದ ಕಟ್ಟಡಕ್ಕೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಮೊದಲು ಗೋಡೌನು, ಆಮೇಲೆ ಪಾರಿವಾಳ, ಕೊನೆಗೆ ಜೆಸಿಬಿ. ಮನ್ರೋವಿಲ್‌ನವರು ಹಾಗಾಗಲು ಬಿಡಲಿಲ್ಲ. 1973ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಮುಂದೆ ರಿಪೇರಿ ಮಾಡಿಸಿ ಕೌಂಟಿಯ ವಸ್ತುಸಂಗ್ರಹಾಲಯ ಮಾಡಿದರು. 1991ರಿಂದ ಆ ಕಾದಂಬರಿಯನ್ನು ಊರಿನವರೇ ನಾಟಕವಾಗಿ ಆಡುತ್ತ ಬಂದಿದ್ದಾರೆ. ಆಡುವವರು ವೃತ್ತಿ ಕಲಾವಿದರಲ್ಲ, ಕರಿಯರೂ ಬಿಳಿಯರೂ ಸೇರಿದ ಊರಿನ ಜನ. ನಮ್ಮಲ್ಲಿ ಜಾತ್ರೆಗೆ ನಾಟಕ ಕಟ್ಟುವ ಹಾಗೆಯೇ. ಮೊದಲ ಭಾಗ ಕೋರ್ಟಿನ ಹೊರಗೆ ಹುಲ್ಲುಹಾಸಿನ ಮೇಲೆ. ಆಮೇಲೆ ಪ್ರೇಕ್ಷಕರೆಲ್ಲ ಎದ್ದು ಒಳಗೆ ಬಂದು ನಿಜವಾದ ನ್ಯಾಯಾಲಯದಲ್ಲಿ ಕೂರುತ್ತಾರೆ. ಪ್ರೇಕ್ಷಕರಿಂದಲೇ ಹನ್ನೆರಡು ಜನರನ್ನು ಜ್ಯೂರಿಯಾಗಿ ಆರಿಸುತ್ತಾರೆ. ಆ ಕಾಲದ ಪದ್ಧತಿಯಂತೆ ಹನ್ನೆರಡೂ ಬಿಳಿಯ ಗಂಡಸರೇ. ಅಲಬಾಮದಲ್ಲಿ 1966ರವರೆಗೆ ಹೆಂಗಸರಿಗೂ ಜ್ಯೂರಿಯಲ್ಲಿ ಜಾಗ ಇರಲಿಲ್ಲ. ಗಂಡನನ್ನು ಕರೆದು ಹೆಂಡತಿಯನ್ನು ಬಿಟ್ಟಾಗ ಪಕ್ಕದಲ್ಲಿ ಕುಳಿತವರಿಗೆ ಆ ಕಾಲ ಹೇಗಿತ್ತೆಂದು ತಟ್ಟನೆ ತಿಳಿಯುತ್ತದೆ. ಈ ತಂಡ 1996ರಲ್ಲಿ ಜೆರುಸಲೇಮ್‌ಗೂ 1998ರಲ್ಲಿ ಇಂಗ್ಲೆಂಡಿನ ಹಲ್ ನಗರಕ್ಕೂ ಹೋಗಿ ನಾಟಕ ಆಡಿ ಬಂದಿದೆ.

ಇಲ್ಲಿಗೇ ನಿಲ್ಲಿಸಿದರೆ ಇದು ಒಂದು ಸಂತೋಷದ ಕಥೆ. ಊರಿನವರು ಹಳೆಯ ತಪ್ಪನ್ನು ಅರಿತರು, ಕಟ್ಟಡ ಉಳಿಸಿದರು, ನಾಟಕ ಆಡಿದರು. ಆದರೆ ಕಥೆ ಇನ್ನೂ ಇದೆ. ನಾನು ಈ ವಿಷಯ ಆರಿಸಿಕೊಂಡದ್ದೇ ಅದಕ್ಕಾಗಿ.

1986ರ ನವೆಂಬರ್‌ನಲ್ಲಿ ಮನ್ರೋವಿಲ್‌ನ ಒಂದು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದ 18 ವರ್ಷದ ಬಿಳಿಯ ಯುವತಿಯ ಕೊಲೆಯಾಯಿತು. ತಿಂಗಳುಗಟ್ಟಲೆ ಕೊಲೆಗಾರ ಸಿಗಲಿಲ್ಲ. 1987ರ ಜೂನ್‌ನಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕರಿಯನನ್ನು ಬಂಧಿಸಿದರು. ಮರ ಕಡಿದು ಮಾರುವ ವ್ಯಾಪಾರ ಅವನದು. ಕೊಲೆ ನಡೆದ ಹೊತ್ತಿನಲ್ಲಿ ಅವನು ತನ್ನ ಮನೆಯ ಹತ್ತಿರ ಚರ್ಚಿನ ಸಹಾಯಾರ್ಥ ಮೀನು ಕರಿದು ಮಾರುತ್ತಿದ್ದವರ ಜೊತೆಯಲ್ಲೇ ಇದ್ದ ಎಂದು ಹಲವರು ಸಾಕ್ಷಿ ಹೇಳಿದರು. ಅವರೆಲ್ಲ ಕರಿಯರು. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳಿರುವ ಜೈಲಿನಲ್ಲಿ ಇಟ್ಟರು. ವಿಚಾರಣೆಯನ್ನು ಕರಿಯರು ಕಡಿಮೆ ಇರುವ ಬೇರೆ ಕೌಂಟಿಗೆ ವರ್ಗಾಯಿಸಿದರು. 1988ರಲ್ಲಿ ಒಂದೂವರೆ ದಿನದಲ್ಲಿ ವಿಚಾರಣೆ ಮುಗಿಯಿತು. ಜ್ಯೂರಿಯ ಹನ್ನೆರಡು ಜನರಲ್ಲಿ ಹನ್ನೊಂದು ಬಿಳಿಯರು. ಅವರು ಅಪರಾಧಿ ಎಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ಶಿಫಾರಸು ಮಾಡಿದರೆ, ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು.

ಬ್ರಯನ್ ಸ್ಟೀವನ್ಸನ್ ಎಂಬ ಯುವ ಕರಿಯ ವಕೀಲರು ಈ ಕೇಸನ್ನು ಕೈಗೆತ್ತಿಕೊಂಡರು. ಮುಖ್ಯ ಸಾಕ್ಷಿ ತಾನು ಹೇಳಿದ್ದೆಲ್ಲ ಸುಳ್ಳು ಎಂದು ಒಪ್ಪಿಕೊಂಡ. ಅವನ ಮೇಲೆ ಒತ್ತಡ ಹಾಕಿದ್ದೂ, ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಚ್ಚಿಟ್ಟದ್ದೂ ಹೊರಬಂತು. 1993ರ ಮಾರ್ಚ್ 2ರಂದು ಮೆಕ್‌ಮಿಲಿಯನ್ ಬಿಡುಗಡೆಯಾದ. ಅಷ್ಟರಲ್ಲಿ ಸಾವನ್ನು ಎದುರು ನೋಡುತ್ತ ಆರು ವರ್ಷ ಕಳೆದಿದ್ದ. ಹೊರಗೆ ಬಂದ ಮೇಲೂ ಆ ಆರು ವರ್ಷದ ನೋವು ಅವನನ್ನು ಬಿಡಲಿಲ್ಲ. 2013ರಲ್ಲಿ ತೀರಿಕೊಂಡ. ಜ್ಯೂರಿಯ ಮಾತನ್ನು ಮೀರಿ ನ್ಯಾಯಾಧೀಶರು ಮರಣದಂಡನೆ ಕೊಡುವ ಪದ್ಧತಿಯನ್ನು ಅಲಬಾಮ 2017ರಲ್ಲಿ ರದ್ದು ಮಾಡಿತು.

ಈಗ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಕೋರ್ಟಿನಲ್ಲಿ ನಾಟಕ ಶುರುವಾದದ್ದು 1991ರಲ್ಲಿ. ಮೆಕ್‌ಮಿಲಿಯನ್ ಬಿಡುಗಡೆಯಾದದ್ದು 1993ರಲ್ಲಿ. ಎಂದರೆ ಹಳೆಯ ಹಜಾರದಲ್ಲಿ ಟಾಮ್ ರಾಬಿನ್ಸನ್‌ಗೆ ಆದ ಅನ್ಯಾಯ ನೋಡಿ ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಿದ್ದಾಗ, ಅದೇ ಊರಿನ ಕಡೆಯ ಒಬ್ಬ ನಿಜವಾದ ನಿರಪರಾಧಿ ಪಕ್ಕದ ಕೌಂಟಿಯ ಜೈಲಿನಲ್ಲಿ ಸಾವಿನ ದಿನ ಎಣಿಸುತ್ತಿದ್ದ. ಸ್ಟೀವನ್ಸನ್ ಅವರು 2014ರಲ್ಲಿ ಬರೆದ 'ಜಸ್ಟ್ ಮರ್ಸಿ' ಪುಸ್ತಕದಲ್ಲಿ ಈ ವಿಪರ್ಯಾಸವನ್ನು ಎತ್ತಿ ತೋರಿಸಿದ್ದಾರೆ. ಕಾದಂಬರಿಯ ಬಗ್ಗೆ ಅಷ್ಟೊಂದು ಹೆಮ್ಮೆ ಪಡುವ ಊರು ತನ್ನ ಕಣ್ಣೆದುರಿನ ಅದೇ ಕಥೆಯನ್ನು ಗುರುತಿಸಲಿಲ್ಲ.

ನಾನು ಆ ಊರಿನವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಹಳೆಯ ಕಾಲದ ಅನ್ಯಾಯವನ್ನು ಗುರುತಿಸುವುದು ಸುಲಭ, ಅದರಲ್ಲಿ ಯಾರಿಗೂ ನಷ್ಟವಿಲ್ಲ. ಇವತ್ತಿನದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದರಲ್ಲಿ ನಮ್ಮ ನೆಂಟರೂ ಗೆಳೆಯರೂ ನಾವೂ ಇರುತ್ತೇವೆ. ನಮ್ಮ ದೇಶದಲ್ಲಿ ಆ ಗ್ಯಾಲರಿಯ ಜಾಗದಲ್ಲಿ ಜಾತಿ ಇತ್ತು. ಅಂಬೇಡ್ಕರ್ ಅವರು ಸಾತಾರಾದ ಶಾಲೆಯಲ್ಲಿ ಓದುವಾಗ ಮನೆಯಿಂದ ಗೋಣಿತಟ್ಟು ತಂದು ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನೀರು ಹೊಯ್ಯಬೇಕಿತ್ತು, ಅವನು ಬಾರದ ದಿನ ನೀರಿಲ್ಲ. ಆ ಗೋಣಿತಟ್ಟಿನ ಮೇಲೆ ಕುಳಿತ ಹುಡುಗ ಮುಂದೆ ಸಂವಿಧಾನ ಬರೆಯುವ ಸಮಿತಿಯ ಅಧ್ಯಕ್ಷನಾದ. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಹೋಟೆಲಿನ ಬೇರೆ ಲೋಟ, ದೇವಸ್ಥಾನದ ಹೊರಗೆ ನಿಲ್ಲುವ ಗೆರೆ, ಇವೆಲ್ಲ ಕಾನೂನು ಬಂದ ದಿನವೇ ಹೋಗಲಿಲ್ಲ ಎಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಯಾವ ಕಟ್ಟಡವೂ ಬರೀ ಗೋಡೆ ಮಾಡಲ್ಲ. ಯಾರನ್ನು ಮನುಷ್ಯರೆಂದು ಎಣಿಸಿದರು, ಯಾರನ್ನು ಎಣಿಸಲಿಲ್ಲ ಎಂಬುದು ಅದರ ನಕ್ಷೆಯಲ್ಲಿ ಬರೆದಿರುತ್ತದೆ. ಇಲ್ಲಿರುವ ಮಕ್ಕಳು ಮುಂದೆ ಯಾವುದೇ ಕಚೇರಿಗೆ ಹೋದಾಗ ಸುಮ್ಮನೆ ನೋಡಿ. ಕುರ್ಚಿ ಯಾರಿಗಿದೆ? ಯಾರು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತಿದ್ದಾರೆ? ಗಾಲಿಕುರ್ಚಿಯಲ್ಲಿ ಬಂದವರು ಒಳಗೆ ಹೋಗುವ ದಾರಿ ಇದೆಯೇ? ಹೆಂಗಸರಿಗೆ ಶೌಚಾಲಯ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆ ಕಚೇರಿಯ ಆರ್ಕಿಟೆಕ್ಚರ್ ನಿಮಗೆ ಅರ್ಥವಾದ ಹಾಗೆ.

ನಮ್ಮ ಹೆಂಚಿನ ಕೊಠಡಿಗಳ ವಿಷಯಕ್ಕೆ ಬರುತ್ತೇನೆ. ಉಳಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ತೊಲೆ ಗೆದ್ದಲು ಹಿಡಿದಿದ್ದರೆ, ಮಕ್ಕಳ ತಲೆಯ ಮೇಲೆ ಅಪಾಯ ಇದ್ದರೆ, ನನ್ನ ಅಭಿಪ್ರಾಯಕ್ಕೆ ಬೆಲೆ ಕೊಡಬೇಡಿ. ಮೊದಲು ಲೋಕೋಪಯೋಗಿ ಇಲಾಖೆಯ ಇಂಜಿನಿಯರಿಂದ ಪರೀಕ್ಷೆ ಮಾಡಿಸಿ, ಬರಹದಲ್ಲಿ ವರದಿ ತೆಗೆದುಕೊಳ್ಳಿ. ಉಳಿಸುವುದಾದರೆ ಬೀಗ ಹಾಕಿ ಇಡಬೇಡಿ. ಮನ್ರೋವಿಲ್‌ನ ಕಟ್ಟಡ ಉಳಿದದ್ದು ಅದಕ್ಕೆ ಹೊಸ ಕೆಲಸ ಸಿಕ್ಕಿದ್ದರಿಂದ. ಇಲ್ಲಿ ಗ್ರಂಥಾಲಯ ಆಗಲಿ, ಸಂಜೆ ಓದುವ ಮನೆ ಆಗಲಿ. ಮಕ್ಕಳ ಕಾಲು ಬೀಳುತ್ತಿದ್ದರೆ ಹೆಂಚು ಜರುಗಿದ್ದು ಯಾರದಾದರೂ ಕಣ್ಣಿಗೆ ಬೀಳುತ್ತದೆ.

ಕೆಡವುವುದೇ ಅನಿವಾರ್ಯವಾದರೆ ಅದಕ್ಕೆ ಮೊದಲು ಅಳತೆ ತೆಗೆದು ನಕ್ಷೆ ಬರೆಸೋಣ, ಪ್ರತಿ ಕೊಠಡಿಯ ಫೋಟೋ ತೆಗೆಯೋಣ. ಆ ಕೆಲಸವನ್ನು ನಾನೂ ನನ್ನ ಬ್ಯಾಚಿನವರೂ ಮಾಡಿಕೊಡುತ್ತೇವೆ.

ಉಳಿಸಲಿ, ಕೆಡವಲಿ, ಎರಡರಲ್ಲೂ ಮಾಡಲೇಬೇಕಾದ ಕೆಲಸ ಇನ್ನೊಂದಿದೆ. ನಮ್ಮ ಶಾಲೆಯ ಐವತ್ತು ವರ್ಷದ ದಾಖಲಾತಿ ರಿಜಿಸ್ಟರ್‌ಗಳು ಆಫೀಸಿನ ಬೀರುವಿನಲ್ಲಿವೆ. ಅಂಚು ಮುರಿಯುತ್ತಿವೆ, ಶಾಯಿ ಮಾಸುತ್ತಿದೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಅವನ್ನು ಸ್ಕ್ಯಾನ್ ಮಾಡಿ, ಪ್ರತಿಯನ್ನು ಶಾಲೆಯಲ್ಲೇ ಭದ್ರವಾಗಿ ಇಡುವ ವ್ಯವಸ್ಥೆ ಮಾಡಿಕೊಡುತ್ತೇನೆ. ಹೆಸರುಗಳನ್ನು ಹೊರಗೆ ಹಾಕುವುದು ಬೇಡ. ಆದರೆ ಯಾವ ವರ್ಷದಿಂದ ಹೆಣ್ಣುಮಕ್ಕಳು ಹತ್ತನೇ ತರಗತಿವರೆಗೆ ಉಳಿದರು, ಯಾವ ಕೇರಿಯ ಮಕ್ಕಳು ಯಾವಾಗ ಬರತೊಡಗಿದರು, ಯಾವ ಬರಗಾಲದಲ್ಲಿ ಯಾರು ಅರ್ಧಕ್ಕೆ ಬಿಟ್ಟು ಹೋದರು ಎಂಬುದನ್ನು ಆ ರಿಜಿಸ್ಟರ್ ಹೇಳುತ್ತದೆ. ಅರ್ಧಕ್ಕೆ ಬಿಟ್ಟವರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಮುಂದಿನ ಸಂಚಿಕೆ ತರುವಾಗ ಅವರಲ್ಲಿ ನಾಲ್ಕು ಜನರ ಮಾತನ್ನಾದರೂ ಬರೆಸಿಕೊಂಡು ಅಚ್ಚು ಹಾಕಬೇಕು ಎಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ರ‍್ಯಾಂಕ್ ಬಂದವರ ಫೋಟೋ ಹೇಗೂ ಇದ್ದೇ ಇರುತ್ತದೆ.

ಮನ್ರೋವಿಲ್‌ನವರು ತಮ್ಮ ಗ್ಯಾಲರಿಯನ್ನು ಕಿತ್ತು ಹಾಕಿ, ಗೋಡೆಗೆ ಹೊಸ ಬಣ್ಣ ಬಳಿದು, ನಮ್ಮ ಕೋರ್ಟಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು ಎಂದು ಹೇಳಬಹುದಿತ್ತು. ಹಾಗೆ ಮಾಡದೆ ಅದನ್ನು ಇದ್ದ ಹಾಗೆಯೇ ಇಟ್ಟು, ಬಂದವರನ್ನು ಅಲ್ಲಿಗೆ ಹತ್ತಲು ಬಿಡುತ್ತಾರೆ. ಊರಿನ ನ್ಯಾಯ ಇನ್ನೂ ಪೂರ್ತಿ ಸರಿಹೋಗಿಲ್ಲದಿರಬಹುದು, ಆದರೆ ಈ ಒಂದು ಕೆಲಸವನ್ನು ಅವರಿಂದ ಕಲಿಯಬಹುದು. ನಮ್ಮ ಶಾಲೆಯ ಚರಿತ್ರೆ ಬರೆಯುವಾಗಲೂ ಹೆಮ್ಮೆಯ ಪುಟಗಳ ಜೊತೆ ಮುಜುಗರದ ಪುಟಗಳನ್ನೂ ಇಡುವಷ್ಟು ದೊಡ್ಡ ಮನಸ್ಸು ನಮಗಿರಲಿ.

  ಮಕ್ಕಳೇ, ಈಗ ನಿಮ್ಮ ಪ್ರಶ್ನೆಗಳ ಸರದಿ.